ವಿಷುವಿನ ಬೆಳ್ಳಿ ಚಕ್ರ

ತಿರುವಾಂಕೂರಿನ ಚಕ್ರ ನಾಣ್ಯ ರದ್ದಾದ ಮೇಲೂ ನಮ್ಮಜ್ಜಿ ಬಿಡಲಿಲ್ಲ. ಪ್ರತಿ ವಿಷುವಿನ ಬೆಳಗ್ಗೆ ಹಿಂದಿನಿಂದ ನನ್ನ ಕಣ್ಣು ಮುಚ್ಚಿ, ದೇವರ ಕೋಣೆಗೆ ನಡೆಸಿ, ಹೊಸ ವರ್ಷದ ಮೊದಲ ನೋಟವೆಂದು ಕಕ್ಕೆ ಹೂವಿನ ಕಣಿ ತೋರಿಸಿ, ಕಡಲೆಬೇಳೆಯಷ್ಟು ಪುಟ್ಟ ಬೆಳ್ಳಿ ಚಕ್ರವನ್ನು ಅಂಗೈಗೆ ಒತ್ತುತ್ತಿದ್ದಳು.

“ಅದಕ್ಕೀಗ ಒಂದು ಬಾಳೆಹಣ್ಣೂ ಬರಲ್ಲಮ್ಮ,” ಎಂದು ಅಮ್ಮ ನಗುತ್ತಿದ್ದಳು.

“ಅಣಕಿಸೋಳಿಗೆ ಯಾರೇ ಕೊಡ್ತಾರೆ? ಇದು ನನ್ನ ಕೂಸಿಗೆ!”

ಅಜ್ಜಿ ತೀರಿಕೊಂಡಾಗ ಉಳಿದ ಚಕ್ರಗಳನ್ನೆಲ್ಲ ಅವಳ ಚಿತೆಗೇ ಹಾಕಿದೆವು. ಸಾವಿನ ವರ್ಷವೆಂದು ಆ ವಿಷುವಿಗೆ ಕಣಿ ಇಡಲಿಲ್ಲ. ಆದರೂ ಬೆಳಗ್ಗೆ, ಕೊಬ್ಬರಿ ಎಣ್ಣೆ ವಾಸನೆಯ ಕೈಗಳು ನನ್ನ ಕಣ್ಣು ಮುಚ್ಚಿದವು. ಅಮ್ಮನೇ ಇರಬೇಕೆಂದು ಸುಮ್ಮನೆ ನಡೆದೆ. ಕಣ್ಣು ಬಿಟ್ಟರೆ ಕೋಣೆಯಲ್ಲಿ ಯಾರೂ ಇಲ್ಲ. ಅಂಗೈಯಲ್ಲಿ ಚಕ್ರ, ಕೆಂಡದ ಪಕ್ಕದಲ್ಲಿಟ್ಟಂತೆ ಬಿಸಿ.

ಅಡುಗೆಮನೆಗೆ ಓಡಿ ಅಮ್ಮನಿಗೆ ತೋರಿಸಿದೆ. ಅವಳು ತನ್ನ ಮುಷ್ಟಿ ಬಿಚ್ಚಿದಳು. ಅದರಲ್ಲೂ ಒಂದಿತ್ತು.