ಅಯಸ್ಕಾಂತಕ್ಕೆ ಅಂಟಿದ ಕಲ್ಲು

ಸಂಶೋಧಕಿ ಪ್ರಯೋಗಾಲಯದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು. ಸುತ್ತ ಕಪ್ಪು ಕಲ್ಲಿನ ಚೂರುಗಳು.

"ಉಲ್ಕೆಯ ಕಲ್ಲು ಮೇಡಂ. ಹಿಡ್ಕೊಂಡು ಇಳಿಯುವಾಗ ಕಾಲು ಜಾರಿರಬೇಕು," ಎಂದರು ಪ್ರಯೋಗಾಲಯದ ಮುಖ್ಯಸ್ಥರು. "ನನ್ನ ಶಿಷ್ಯೆ. ಮಗಳ ಹಾಗಿದ್ಲು."

ಇನ್‌ಸ್ಪೆಕ್ಟರ್ ಮಂಡಿಯೂರಿ ಕೂತಳು. ಹುಡುಗಿಯ ಮುಂಗೈ ಮೇಲೆ ಬೆರಳುಗಳ ಗುರುತು ನೀಲಿಗಟ್ಟಿತ್ತು. ಒಂದು ಚೂರನ್ನು ಲಕೋಟೆಗೆ ಹಾಕಿಕೊಂಡಳು.

*

ಅನುಮಾನ ಮೊದಲು ಬಿದ್ದದ್ದು ಹುಡುಗಿಯ ಸಹೋದ್ಯೋಗಿಯ ಮೇಲೆ. ಹಿಂದಿನ ದಿನ ಇಬ್ಬರೂ ಕೂಗಾಡಿದ್ದನ್ನು ಇಡೀ ಕಟ್ಟಡ ಕೇಳಿಸಿಕೊಂಡಿತ್ತು. ಇನ್‌ಸ್ಪೆಕ್ಟರ್ ಅವನನ್ನು ಅವನ ಕೋಣೆಯಲ್ಲೇ ಕೂರಿಸಿಕೊಂಡಳು.

"ಯಾಕೆ ಜಗಳ?"

"ಸರ್‌ನ ಎದುರು ಹಾಕ್ಕೋಬೇಡ ಅಂದೆ. ಕೇಳ್ಲಿಲ್ಲ." ಅವನು ಮುಖ ಒರೆಸಿಕೊಂಡ. "ಈ ಉಲ್ಕೆ ನಮ್ಮ ಭೂಮಿ ಥರಾನೇ ಸೂರ್ಯನಿಗೆ ಹತ್ತಿರ ಹುಟ್ಟಿ ಒಡೆದುಹೋದ ಯಾವುದೋ ಪುಟ್ಟ ಗ್ರಹದ ತುಂಡು. ಗ್ರಹ ಹುಟ್ಟೋವಾಗ ಆಮ್ಲಜನಕ ಕಮ್ಮಿ ಇದ್ರೆ ಕಬ್ಬಿಣ ಲೋಹವಾಗೇ ಉಳಿಯುತ್ತೆ. ಜಾಸ್ತಿ ಇದ್ರೆ ಅದರ ಜೊತೆ ಸೇರಿ ಕಲ್ಲಲ್ಲೇ ಬೆರೆತುಹೋಗುತ್ತೆ. ಸೂರ್ಯನ ಹತ್ತಿರದ ನಮ್ಮ ಕಡೆಯ ಗ್ರಹಗಳಿಗೆ ಹುಟ್ಟೋವಾಗ ಅಷ್ಟು ಆಮ್ಲಜನಕ ಸಿಕ್ಕೇ ಇರಲಿಲ್ಲ ಅಂತ ಸರ್ ಜೀವಮಾನವೆಲ್ಲ ವಾದಿಸಿದ್ರು. ಇವಳು ಹೊಸ ಕಲ್ಲನ್ನ ಕೊಯ್ದು ನೋಡಿದ್ಲು. ಲೋಹದ ಸುಳಿವೇ ಇರಲಿಲ್ಲ, ಅಂದ್ರೆ ಸರ್ ವಾದ ಬಿದ್ದುಹೋಗುತ್ತೆ. ಇಂಥ ಕಲ್ಲು ಇನ್ನೊಂದಿಲ್ಲ ಮೇಡಂ."

"ಹಾಗಾದ್ರೆ ಅಯಸ್ಕಾಂತಕ್ಕೆ?"

"ಅಂಟೋದೇ ಇಲ್ಲ."

ಬೀರುವಿನ ಬಾಗಿಲಿಗೆ ಕಾಗದ ಕಚ್ಚಿಸಿದ್ದ ಅಯಸ್ಕಾಂತವನ್ನು ಇನ್‌ಸ್ಪೆಕ್ಟರ್ ಕಿತ್ತುಕೊಂಡಳು. ಲಕೋಟೆಯ ಚೂರಿನ ಹತ್ತಿರ ಹಿಡಿದಳು.

ಟಕ್.

ಅವನು ಚೂರನ್ನು ತಿರುಗಿಸಿ ನೋಡಿದ. "ಇದು... ನಮ್ಮ ಕಲ್ಲಲ್ಲ."

*

"ಹಳೇ ಉಲ್ಕೆಗಳ ಕಪಾಟಿನ ಬೀಗದ ಕೈ ನಿಮ್ಮೊಬ್ಬರ ಹತ್ರಾನೇ ಇರೋದು," ಎಂದಳು ಇನ್‌ಸ್ಪೆಕ್ಟರ್ ಮುಖ್ಯಸ್ಥರಿಗೆ. "ಅಲ್ಲಿಂದ ಒಂದು ಕಲ್ಲು ತಂದು ಒಡೆದು ಅವಳ ಪಕ್ಕ ಹರಡಿದ್ರಿ. ಕಲ್ಲು ಕಾಣದಿದ್ರೆ ಅನುಮಾನ ಬರುತ್ತೆ, ಒಡೆದಿದ್ರೆ ಅಪಘಾತ ಅನ್ಸುತ್ತೆ. ಹೊರಮೈ ಎರಡಕ್ಕೂ ಕಪ್ಪೇ. ಪೊಲೀಸರಿಗೆ ಕಲ್ಲೆಲ್ಲ ಒಂದೇ ಅಂದ್ಕೊಂಡ್ರಿ."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಿತ್ಕೊಳ್ಳೋಕೆ ಹೋದೆ, ಅಷ್ಟೇ. ಅವಳು ಬಿಡ್ಲಿಲ್ಲ. ಕೈ ಎಳೆದೆ. ಉರುಳಿ ಬಿದ್ಲು."

"ಆ ಕಲ್ಲೆಲ್ಲಿ?"

"ಅವಳು ಕೊಯ್ದ ತುಂಡೂ ಸೇರಿಸಿ ಪುಡಿ ಮಾಡಿದೆ. ಆಸಿಡ್‌ನಲ್ಲಿ ಕರಗಿಸಿ ಸಿಂಕಿಗೆ ಸುರಿದೆ."

"ಪೂರ್ತಿ?"

"ಪೂರ್ತಿ."

*

ಠಾಣೆಯ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದಳು. ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ತಾಯಿ ಅಳಲಿಲ್ಲ.

"ನನ್ನ ಮಗಳು ಹೇಳಿದ್ದು ಸರಿಯಿತ್ತಾ ಮೇಡಂ?"

ಇದನ್ನೇ ಇನ್‌ಸ್ಪೆಕ್ಟರ್ ಸಹೋದ್ಯೋಗಿಯನ್ನು ಕೇಳಿದ್ದಳು. ಕಲ್ಲಿಲ್ಲದೆ ಯಾರೂ ಒಪ್ಪುವುದಿಲ್ಲ, ಸರ್ ಬರೆದದ್ದನ್ನೇ ಮುಂದೆಯೂ ಪಾಠ ಮಾಡುತ್ತಾರೆ ಎಂದಿದ್ದ ಅವನು. ಸರಿಯಿತ್ತು ಎಂದುಬಿಡೋಣ ಅನಿಸಿತು. ನಾಲಿಗೆ ಏಳಲಿಲ್ಲ.

"ಇನ್ನು ಅದು ಯಾರಿಗೂ ಗೊತ್ತಾಗಲ್ಲಮ್ಮ," ಎಂದಳು.