ತಿದ್ದಬಹುದಾದ ಒಂದು ಸಾಲು

2025ರ ಅಕ್ಟೋಬರ್ 4, ಶನಿವಾರ, ಸಂಜೆ 5.40. ಬನಹಟ್ಟಿ ಠಾಣೆಗೆ ಬಂದ ಸುಹಾಸಿನಿ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲು ಕಾಣುವಂತೆ ಗೋಡೆಗೆ ಒರಗಿ ನಿಂತಳು.

"ನನ್ನ ಗಂಡ ಮಲ್ಲಿನಾಥ ಮೂರು ದಿನದಿಂದ ಮನಿ ಎದುರಿಗೆ ನಿಂದರಾಕತ್ತಾನ್ರಿ. ಮಾತಾಡಂಗಿಲ್ಲ. ನಗತಾನ."

"ಮನಿ ಹತ್ರ ಬರಬಾರದಂತ ಕೋರ್ಟ್ ಆದೇಶ ಐತೆಲ್ಲ?" ಇನ್‌ಸ್ಪೆಕ್ಟರ್ ಶ್ರೀದೇವಿ ಕೇಳಿದರು.

"ಬೀಟ್ ಪೊಲೀಸ್ರಿಗೆ ಅವನಽ ಅದನ್ನ ತೋರಿಸ್ಯಾನ್ರಿ. ಅದರಾಗ ಈಗ ನನ್ನ ಮನಿ ವಿಳಾಸಾನಽ ಇಲ್ಲ."

ಆ ಕಾಗದವನ್ನು ನಂಬಿ ಅವಳು ಕಿಟಕಿ ತೆರೆದು ಮಲಗಲು ಕಲಿತಿದ್ದಳು.

ಶ್ರೀದೇವಿ ಆದೇಶವನ್ನು ಕಂಪ್ಯೂಟರಿನಲ್ಲಿ ತೆರೆದರು. ನ್ಯಾಯಾಧೀಶರ ಡಿಜಿಟಲ್ ಸಹಿ ಸರಿಯಿತ್ತು. ವಿಳಾಸ ಮಾತ್ರ ಮುಧೋಳದ್ದು, ಸುಹಾಸಿನಿ ಜೂನ್‌ನಲ್ಲೇ ಬಿಟ್ಟ ಕೋಣೆಯದು. ಗಂಡನಿಂದ ತಪ್ಪಿಸಿಕೊಂಡು ಬದುಕುವ ಹೆಂಗಸರು ಮನೆ ಬದಲಿಸುತ್ತಲೇ ಇರುವುದರಿಂದ ಆ ಒಂದು ಸಾಲನ್ನು ತಿದ್ದಲು ಜಮಖಂಡಿಯ ಆಸರೆ ಕೇಂದ್ರದ ಗುಮಾಸ್ತೆಗೆ ನ್ಯಾಯಾಧೀಶರೇ ಅನುಮತಿ ಕೊಟ್ಟಿದ್ದರು. ಬೇರೆ ಯಾವ ಅಕ್ಷರ ಮುಟ್ಟಿದರೂ ಸಹಿ ಕೆಡುತ್ತದೆ. ಈ ಸಾಲು ತಿದ್ದಿದರೆ ಕೆಡುವುದಿಲ್ಲ. ತಿದ್ದುವವರು ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಕೀಲಿಯ ಗುರುತು ಮತ್ತು ವೇಳೆ ದಾಖಲಾಗುತ್ತವೆ.

ಬನಹಟ್ಟಿ ಅಳಿಸಿ ಮತ್ತೆ ಮುಧೋಳ ಬರೆದದ್ದು ಅಕ್ಟೋಬರ್ 1, ಬೆಳಿಗ್ಗೆ 11.20. ಗುಮಾಸ್ತೆ ಅಂಜನಾ.

ಎಫ್‌ಐಆರ್ ದಾಖಲಾಯಿತು. ಜೊತೆಗೆ ಮಹಿಳಾ ಪೇದೆಯನ್ನು ಕಳಿಸಿದರೂ ಸುಹಾಸಿನಿ ರಸ್ತೆಯ ಎರಡೂ ಕಡೆ ನೋಡಿಯೇ ಮೆಟ್ಟಿಲಿಳಿದಳು.

ಮರುದಿನ 10.30ಕ್ಕೆ ಆಸರೆ ಕೇಂದ್ರ.

"ಒಂದನೇ ತಾರೀಖು ಖಂಡೇ ಪೂಜಿ, ಆಯುಧ ಪೂಜಿ ಇತ್ರಿ," ಎಂದಳು ಅಂಜನಾ. "ಡಾಂಗಲ್ ದೇವರ ಮುಂದಿತ್ತು. ದಸರಾ ಮುಗಿಯೂತನಕ ಯಾರೂ ಮುಟ್ಟಂಗಿಲ್ಲ."

"ಪಿನ್ ಯಾರಿಗೆ ಗೊತ್ತು?"

"ನನಗೊಬ್ಬಾಕಿಗೆ."

ಪೇದೆ ದುರಗೇಶ ಕೇಂದ್ರದ ವಾಟ್ಸಾಪ್ ಗುಂಪಿನಲ್ಲಿದ್ದ ಪೂಜೆಯ ಫೋಟೋ ಹಿಗ್ಗಿಸಿ ಹಿಡಿದ. "ಮೇಡಂ, ಕತ್ತರಿ, ಸ್ಟೇಪ್ಲರ್, ಕಸಬರಿಗಿಗೂ ಕುಂಕುಮ ಬಿದ್ದೈತಿ. ಇವರ ಡಾಂಗಲ್ ಒಂದಽ ಪೂಜಿ ತಪ್ಪಿಸಿಕೊಂಡೈತಿ."

ಅಂಜನಾ ಫೋಟೋ ನೋಡಿ ಮೊಬೈಲನ್ನು ಪಕ್ಕಕ್ಕೆ ಸರಿಸಿದಳು.

"ಪೂಜಿಗಿ ಇಟ್ಟದ್ದನ್ನ ನಡುವ ಎತ್ತಿದ್ರ ಪಾಪ ಬರ್ತೈತ್ರಿ. ಅದಕ್ಕ ಇಡಲೇ ಇಲ್ಲ."

12.15ಕ್ಕೆ ಪಂಚನಾಮೆ ಮುಗಿದು ಡಾಂಗಲ್ ವಶಕ್ಕೆ ಬಂತು. 1.10ಕ್ಕೆ ಬನಹಟ್ಟಿಯಲ್ಲಿ, ಸುಹಾಸಿನಿಯ ಮನೆಯೆದುರು ಅದೇ ಕಾಗದ ಹಿಡಿದು ನಿಂತಿದ್ದ ಮಲ್ಲಿನಾಥನನ್ನು ಪೇದೆಗಳು ಹಿಡಿದರು.

ಠಾಣೆಯಲ್ಲಿ ಶ್ರೀದೇವಿ ಅಂಜನಾಳ ಬಂಧನದ ಕಾಗದ ತುಂಬತೊಡಗಿದರು.

"ಯಾಕ ಮಾಡಿದಿ?"

"ತೇರದಾಳದಾಗಿರೂ ನನ್ನ ತಂಗಿ ರಸಿಕಾ ಮಲ್ಲಿನಾಥನ ತಮ್ಮನ ಹೆಂಡತಿ ರೀ. 'ನಿನ್ನ ತಂಗಿ ನಮ್ಮ ಮನ್ಯಾಗ ಅದಾಳ' ಅಂದ. ಅಷ್ಟಽ ಅಂದ."

"ಬಂಧನದ ಸುದ್ದಿ ಯಾರಿಗೆ ತಿಳಸೂಣು?"

"ನನಗ ಆಕಿ ಒಬ್ಬಾಕೀನಽ. ಆದ್ರ ಫೋನ್ ಮಾಡಬ್ಯಾಡ್ರಿ. ಆಕಿ ಫೋನ್ ಅವರ ಕೈಯಾಗಿರ್ತೈತಿ."

ಶ್ರೀದೇವಿ ಪೆನ್ನು ಕೆಳಗಿಟ್ಟರು.

"ದುರಗೇಶ, ಜೀಪ್ ತೆಗಿ. ತೇರದಾಳಕ್ಕ ಹೋಗೂಣು."