ಗೋಡೆ ತುಂಬ ಅರಳಿದ ಹೂವು

"ಆ ಪ್ರೊಜೆಕ್ಟರ್ ಮಾತ್ರ ನಿಮಗೆ ಕೊಡಲ್ಲ!"

ಹಳೇ ಕ್ಯಾಮೆರಾ ಅಂಗಡಿಯ ಹುಡುಗ ಖಡಾಖಂಡಿತವಾಗಿ ಹೇಳಿ, ಕೈಯಲ್ಲಿ ಹಿಡಿದು ನೋಡುವ ಪುಟ್ಟ ವ್ಯೂವರ್ ಒಂದನ್ನು ಅವಳ ಮುಂದಿಟ್ಟ. "ಸ್ಲೈಡ್ ನೋಡೋಕೆ ಇಷ್ಟು ಸಾಕು ಬಿಡಿ."

ಮೊದಲೇ ಅವಳಿಗೆ ಮೂಗಿನ ತುದಿಯಲ್ಲಿ ಕೋಪ. ಅಜ್ಜಿ ಅವಳನ್ನು 'ಮೊಂಡಿ' ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ!

'ನನ್ನ ಸವೆದ ಚಪ್ಪಲಿ ನೋಡೇ ಅಳೆದುಬಿಟ್ಟನಾ? ಎಷ್ಟು ಪೊಗರು!'

"ನಾನೇನು ಪುಕ್ಕಟೆ ಕೇಳ್ಲಿಲ್ಲ ಕಣ್ರೀ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು.

ಮನೆಯಲ್ಲಿ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಬದುಕಿಡೀ ಸಸ್ಯಶಾಸ್ತ್ರ ಕಲಿಸಿದ ಟೀಚರ್. ಕಾಡುಮೇಡು ಅಲೆದು ಹೂಗಳ ಫೋಟೋ ತೆಗೆದು ಸ್ಲೈಡ್ ಮಾಡಿಟ್ಟವರು. ಈಗ ಕಣ್ಣಿನ ನಟ್ಟನಡುವೆ ಕತ್ತಲು, ಅಂಚಿನಲ್ಲಷ್ಟೇ ಬೆಳಕು... ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರ್.

"ಬಿಡೇ ಮೊಂಡಿ. ಆ ಹೂಗಳ ಋಣ ತೀರಿತು."

ಇಲ್ಲ! ಒಂದೇ ಒಂದು ಸಲವಾದರೂ ಅಜ್ಜಿ ನೋಡಲೇಬೇಕು!

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಅವಳು ಹಾಜರ್.

"ಚಿಕ್ಕ ಚಿತ್ರ ನಮ್ಮಜ್ಜಿಗೆ ಕಾಣಲ್ಲ. ಗೋಡೆ ತುಂಬ ಬೇಕು. ಕೊಡೋವರೆಗೂ ನಾನು ಕದಲಲ್ಲ!"

ಅವನ ಮುಖ ಮೆತ್ತಗಾಯಿತು. "ನಿನ್ನೆನೇ ಹೇಳಬಾರದಿತ್ತಾ? ಆ ಪ್ರೊಜೆಕ್ಟರ್ ಫ್ಯಾನ್ ಕೆಟ್ಟಿದೆ ಕಣ್ರೀ. ಬಲ್ಬಿನ ಬಿಸಿಗೆ ನಿಮ್ಮ ಸ್ಲೈಡೆಲ್ಲ ಹಾಳಾಗಿಹೋಗ್ತಿತ್ತು."

ಅಯ್ಯೋ... ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಅವಳಿಗೆ.

"ನೀವಾದ್ರೂ ಹೇಳಬಾರದಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅವನು ಕೋಣೆಯ ಅಳತೆ ಕೇಳಿದ. "ಇಷ್ಟು ಚಿಕ್ಕ ಜಾಗದಲ್ಲಿ ಮಾಮೂಲಿ ಲೆನ್ಸ್ ಹಾಕಿದ್ರೆ ಚಿತ್ರ ಗೋಡೆ ತುಂಬಲ್ಲ. ಹತ್ತಿರದಿಂದಲೇ ದೊಡ್ಡದಾಗಿ ಬೀಳಿಸೋ ಲೆನ್ಸ್ ಹುಡುಕಬೇಕು."

ವಾರವಿಡೀ ಇಬ್ಬರೂ ಹಳೇ ಪೆಟ್ಟಿಗೆಗಳನ್ನು ತಡಕಾಡಿ ಆ ಲೆನ್ಸ್ ಹುಡುಕಿ ತೆಗೆದರು. ಅವನು ಫ್ಯಾನ್ ಬದಲಾಯಿಸುವಾಗ ಅವಳು ಟಾರ್ಚ್ ಹಿಡಿದಳು. ಅವನು ನಕ್ಕರೆ ತನ್ನೆದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ ಎಂದು ಕೇಳಿಕೊಳ್ಳುವುದನ್ನೇ ಬಿಟ್ಟಳು. ಉತ್ತರ ಗೊತ್ತಾಗಿತ್ತಲ್ಲ!

ಭಾನುವಾರ ಮಧ್ಯಾಹ್ನ ಕಿಟಕಿ ಪರದೆ ಎಳೆದು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಗೋಡೆಯ ಮೇಲೆ ಆಳೆತ್ತರದ ನೇರಳೆ ಹೂವೊಂದು ಮುಖ ಮೇಲೆತ್ತಿ ನಿಂತಿತು.

"ಎಷ್ಟು ಚೆನ್ನಾಗಿದೆ!" ಇಬ್ಬರೂ ಒಟ್ಟಿಗೇ ಉದ್ಗರಿಸಿದರು.

ಅಜ್ಜಿ ಕಣ್ಣಂಚಿನಿಂದ ನೋಡಲು ತಲೆ ಓರೆ ಮಾಡಿದರು. ಹುಬ್ಬು ಗಂಟಿಕ್ಕಿದರು... ಕಾಣಲಿಲ್ಲವೇ? ಅವಳು ಅಜ್ಜಿಯ ಕುರ್ಚಿಯತ್ತ ಧಾವಿಸಿದಳು.

"ಯಾವನೋ ಇದನ್ನ ಹಾಕಿದ್ದು?" ಅಜ್ಜಿ ಗುಡುಗಿದರು. "ಈ ಹೂವು ನೆಲ ನೋಡ್ಕೊಂಡು ಜೋತಾಡುತ್ತೆ ಕಣೋ, ಆಕಾಶ ನೋಡಲ್ಲ! ತಲೆಕೆಳಗು ಮಾಡಿದೀಯ!"

ಕಾಣ್ತಿದೆ! ಅಜ್ಜಿಗೆ ಕಾಣ್ತಿದೆ! ಅವಳು ಅಜ್ಜಿಯನ್ನು ತಬ್ಬಿ ಬಿಕ್ಕಿಬಿಕ್ಕಿ ಅತ್ತಳು.

ಅವನು ಗಡಿಬಿಡಿಯಲ್ಲಿ ಸ್ಲೈಡ್ ಹೊರತೆಗೆದ. ಅವಳು ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದಳು.

"ದಿನಾ ಇದೇ ಕೆಲಸ ಮಾಡೋರು... ಅದ್ಹೇಗೆ ತಪ್ಪಿದ್ರಿ?"

"ಹಾಕುವಾಗ ನಿಮ್ಮನ್ನೇ ನೋಡ್ತಿದ್ದೆ." ಅವನು ಅವಳತ್ತ ತಿರುಗಿದ. "ಬದುಕೆಲ್ಲ ನೋಡ್ತಾ ಇರಬೇಕು ಅನ್ನಿಸ್ತು... ನನ್ನನ್ನ ಮದುವೆ ಆಗ್ತೀರಾ?"

ಅವಳು ಕತ್ತಲಿನಲ್ಲಿ ಅವನ ಕೈ ಹುಡುಕಿ ಹಿಡಿದಳು.

"ಬೇಗ ಹೂಂ ಅನ್ನೇ!" ಕುರ್ಚಿಯಿಂದ ಅಜ್ಜಿಯ ದನಿ ಬಂತು. "ನಂಗೆ ಮುಂದಿನ ಹೂವು ನೋಡಬೇಕು!"

"ಹೂಂ..." ಎಂದಳು ಅವಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.